ಹುಲ್ಲಿನ ತಳಿ ಕೇಳೋ ಮೊದಲು ಜಾಗ ನೋಡಿ: ಕೊಡಗಿನಲ್ಲಿ ಹಸು ಸಾಕುವವರಿಗೆ

ಒಂದೆರಡು ಹಸು ಕಟ್ಟಿಕೊಂಡವರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: ಯಾವ ಹುಲ್ಲು ಹಾಕಲಿ? ಮೊಬೈಲ್ ತೆಗೆದರೆ ಉತ್ತರಕ್ಕೆ ಬರವಿಲ್ಲ. ಸೂಪರ್ ನೇಪಿಯರ್, ರೆಡ್ ನೇಪಿಯರ್, ಇನ್ನೂ ಏನೇನೋ. ಪ್ರೋಟೀನ್ ಇಷ್ಟು ಪರ್ಸೆಂಟ್, ಕಡ್ಡಿಗೆ ಇಷ್ಟು ರೂಪಾಯಿ ಅಂತ ಜಾಹೀರಾತು ಬೇರೆ. ಆದರೆ ಹುಲ್ಲಿನ ಬಗ್ಗೆ ಇಷ್ಟು ವರ್ಷ ನಡೆದ ಸಂಶೋಧನೆಯನ್ನು ನಮ್ಮ ಜಾಗಕ್ಕೆ ಹೊಂದಿಸಿ ನೋಡಿದರೆ, ತಳಿಯ ಹೆಸರು ಮೂರನೇ ಸಾಲಿನಲ್ಲಿ ಬರುತ್ತದೆ. ಮೊದಲು ಮಣ್ಣು ಮತ್ತು ಜಾಗ. ಆಮೇಲೆ ಕೊಯ್ಯುವ ಹೊತ್ತು.

ಮಣ್ಣಿನಿಂದ ಶುರು ಮಾಡಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಒಂದು ಹುಲ್ಲುಗಾವಲನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕುತ್ತಾ ಬಂದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟನ್ನು ವರ್ಷವರ್ಷವೂ ಸುರಿದ ತುಂಡುಗಳಲ್ಲಿ ಮಣ್ಣು ಹುಳಿಯಾಯಿತು, ಹತ್ತಾರು ಜಾತಿ ಗಿಡ ಇದ್ದಲ್ಲಿ ಎರಡು ಮೂರು ಮಾತ್ರ ಉಳಿದವು. ನಮ್ಮಲ್ಲಿ ಮಳೆಯೇ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಅದರ ಮೇಲೆ ನಾವು ಯೂರಿಯಾ ಎರಚುತ್ತೇವೆ. ಕಾಫಿಗೆ ತಪ್ಪದೆ ಸುಣ್ಣ ಹಾಕುವವರು ಹುಲ್ಲಿನ ಪಟ್ಟಿಗೆ ಒಂದು ಹಿಡಿಯೂ ಹಾಕುವುದಿಲ್ಲ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಮಣ್ಣು ಎಷ್ಟು ಹುಳಿ ಅಂತ ತೋರಿಸುವ ಪಿಎಚ್ ಲೆಕ್ಕ 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಬೇಕೇ ಬೇಕು. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

ಇನ್ನು ಜಾಗ. ಬಾಣೆ, ಅಂದರೆ ಗದ್ದೆಗೆ ಸೇರಿದ ಮರಗಳಿರುವ ಎತ್ತರದ ಜಾಗ, ಇದ್ದದ್ದೇ ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಅಂತ. ಈಗ ಅಲ್ಲೆಲ್ಲ ಕಾಫಿ ನಿಂತಿದೆ. ಹಾಗಾಗಿ ಹುಲ್ಲಿಗೆ ಸಿಗೋದು ತೋಟದ ಅಂಚು, ಗದ್ದೆ ಬದು, ಮನೆ ಹಿಂದಿನ ಚೂರು ಜಾಗ, ಅಷ್ಟೇ. ನೆರಳಿದ್ದ ಕಡೆ ನೇಪಿಯರ್ ಹಾಕಿ ದುಡ್ಡು ಕಳೆದುಕೊಳ್ಳಬೇಡಿ, ಅದಕ್ಕೆ ಪೂರ್ತಿ ಬಿಸಿಲು ಬೇಕು. ಅರೆ ನೆರಳಿಗೆ ಗಿನಿ ಹುಲ್ಲು ಒಳ್ಳೆಯದು. ಕೇರಳದಲ್ಲಿ ತೆಂಗಿನ ತೋಟಗಳಲ್ಲಿ ಬೆಳೆಯುವ ಕಾಂಗೋ ಸಿಗ್ನಲ್ ಹುಲ್ಲು ಹುಳಿ ಮಣ್ಣಿಗೂ ಒಗ್ಗುತ್ತದೆ. ಕಾಫಿ ಗಿಡಗಳ ನಡುವೆ ಮಾತ್ರ ಯಾವ ಹುಲ್ಲೂ ಬೇಡ, ನೀರು ಗೊಬ್ಬರಕ್ಕೆ ಜಗಳ ಶುರುವಾಗುತ್ತದೆ. ಬಿಸಿಲಿದ್ದು, ಬೇಸಿಗೆಯಲ್ಲೂ ನೀರು ಕೊಡಲು ಆಗುವ ಜಾಗವಿದ್ದರೆ, ಉದಾಹರಣೆಗೆ ಕುಶಾಲನಗರದ ಕಡೆ, ಆಗ ಹೈಬ್ರಿಡ್ ನೇಪಿಯರ್ ತಳಿಗಳಾದ ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯದ ಸಿಒ-4 ಆಗಲಿ, ಧಾರವಾಡದ ಹುಲ್ಲುಗಾವಲು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ಆಗಲಿ ಹಾಕಿ. ಈ ಧಾರವಾಡದ್ದು ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯ ಶಾಖೆ. ಕಾಡಿನ ಅಂಚಿನವರು ಮಾತ್ರ ಯೋಚನೆ ಮಾಡಿ. ನೇಪಿಯರ್ ಹಸುವಿಗಿಂತ ಮೊದಲು ಆನೆಗೆ ಇಷ್ಟ.

ನೆಡುವುದು ಮೇ ತಿಂಗಳ ಮಳೆಗೆ. ಜುಲೈ ಮಳೆ ಹಿಡಿಯುವಷ್ಟರಲ್ಲಿ ಬೇರು ಊರಿರಬೇಕು, ಇಲ್ಲದಿದ್ದರೆ ಕಡ್ಡಿ ಕೊಳೆಯುತ್ತದೆ. ಆಗಲಿಲ್ಲವಾ, ಸೆಪ್ಟೆಂಬರ್‌ವರೆಗೆ ಕಾಯಿರಿ. ನೇಪಿಯರ್‌ಗೆ ಎರಡು ಗಣ್ಣಿನ ತುಂಡು, ಒಂದು ಗಣ್ಣು ಮಣ್ಣಿನೊಳಗೆ, ಸ್ವಲ್ಪ ಓರೆಯಾಗಿ, ಎರಡು ಅಡಿಗೊಂದು. ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿಯಿರಿ, ಮೇಲ್ಮಣ್ಣು ನಿಲ್ಲುತ್ತದೆ. 2018ರ ಆಗಸ್ಟಿನಲ್ಲಿ ಆದಂತಹ ಗುಡ್ಡ ಕುಸಿತವನ್ನೇ ಹುಲ್ಲು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಷ್ಟು ಆಳಕ್ಕೆ ಅದರ ಬೇರು ಹೋಗುವುದಿಲ್ಲ.

ಈಗ ನಿಜವಾದ ವಿಷಯ, ಕತ್ತಿ. ಪ್ರೋಟೀನ್ ಎಷ್ಟು ಅನ್ನೋದು ತಳಿಗಿಂತ ಜಾಸ್ತಿ ಹುಲ್ಲಿನ ವಯಸ್ಸಿನ ಮೇಲೆ ನಿಂತಿದೆ. ಎಳೆಯ ಹುಲ್ಲಿನಲ್ಲಿ ಎಲೆ ಹೆಚ್ಚು, ಪ್ರೋಟೀನೂ ಹೆಚ್ಚು. ಬಲಿತಷ್ಟೂ ನಾರು ಏರುತ್ತದೆ, ಪ್ರೋಟೀನ್ ಇಳಿಯುತ್ತದೆ. ಜಾಹೀರಾತಿನವರು ತೀರಾ ಎಳೆ ಹುಲ್ಲಿನ ಲೆಕ್ಕ ತೋರಿಸಿ, ಇಳುವರಿಗೆ ಮಾತ್ರ ಬಲಿತ ಹುಲ್ಲಿನ ತೂಕ ಹೇಳಿದರೆ ಎರಡೂ ಸುಳ್ಳಲ್ಲ, ಆದರೆ ಎರಡೂ ಒಂದೇ ಕೊಯ್ಲಿನಲ್ಲಿ ಸಿಗುವುದಿಲ್ಲ. ನೇಪಿಯರನ್ನು ನೆಟ್ಟ ಎರಡೂವರೆ ತಿಂಗಳಿಗೆ ಮೊದಲ ಸಲ ಕೊಯ್ಯಿರಿ, ಆಮೇಲೆ 40-45 ದಿನಕ್ಕೊಮ್ಮೆ. ಆಳೆತ್ತರ ಬೆಳೆಯಲಿ ಅಂತ ಬಿಟ್ಟರೆ ಹಸು ಎಲೆ ತಿಂದು ದಂಟು ಬಿಡುತ್ತದೆ. ನೆಲ ಮಟ್ಟಕ್ಕೆ ಸವರಬೇಡಿ, ಅರ್ಧ ಗೇಣು ಬಿಡಿ, ಮಳೆಯಲ್ಲಿ ಬುಡ ಕೊಳೆಯುವುದು ತಪ್ಪುತ್ತದೆ.

ಎಷ್ಟು ಜಾಗ ಬೇಕು ಅಂತ ಅಂದಾಜಿನಲ್ಲಿ ಹೇಳಬೇಡಿ, ಸಂಶೋಧಕರು ಮಾಡುವ ಹಾಗೆ ಅಳೆಯಿರಿ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿ, ಹುಲ್ಲಿನ ಮೇಲಿಟ್ಟು, ಒಳಗಿದ್ದದ್ದನ್ನು ಕೊಯ್ದು ತೂಗಿ. ಮೂರು ನಾಲ್ಕು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. ನಾಲ್ಕು ಕೆಜಿ ಬಂತು ಅಂದುಕೊಳ್ಳಿ. ಹಸುವಿಗೆ ದಿನಕ್ಕೆ 28 ಕೆಜಿ ಹಸಿ ಹುಲ್ಲು ಅಂದರೆ ಏಳು ಚದರ ಮೀಟರ್, 45 ದಿನಕ್ಕೆ 315 ಚದರ ಮೀಟರ್, ಹತ್ತಿರ ಹತ್ತಿರ ಎಂಟು ಸೆಂಟ್. ಚಳಿಗಾಲದಲ್ಲಿ ಹುಲ್ಲು ನಿಧಾನ, ಆಗ ಇನ್ನೂ ಜಾಸ್ತಿ ಬೇಕು.

ಬರೀ ನೇಪಿಯರ್ ಹಾಕಬೇಡಿ. ಅದರಲ್ಲಿ ಆಕ್ಸಲೇಟ್ ಇದೆ, ಕ್ಯಾಲ್ಸಿಯಂ ಮೈಗೆ ಸೇರಲು ಬಿಡುವುದಿಲ್ಲ. ಮೂರು ಪಾಲು ಹುಲ್ಲಿಗೆ ಒಂದು ಪಾಲು ಬೇಲಿ ಮೆಂತೆ, ಸ್ಟೈಲೋ ಅಥವಾ ಅಲಸಂದೆಯಂಥ ದ್ವಿದಳ ಮೇವು ಸೇರಿಸಿ. ತೋಟದಲ್ಲಿ ಹಾಲವಾಣದ ಕೊಂಬೆ ಸವರುತ್ತೀರಲ್ವಾ, ಆ ಸೊಪ್ಪನ್ನು ಸುಮ್ನೆ ಬಿಸಾಡಬೇಡಿ. ಭತ್ತ ಕೊಯ್ದ ಗದ್ದೆಯಲ್ಲಿ ತೇವ ಉಳಿದಿದ್ದರೆ ಅಲಸಂದೆ ಎರಚಿ. ಮಳೆಗಾಲಕ್ಕೆ ಮೊದಲು ಸೈಲೇಜ್ (ಗಾಳಿಯಾಡದಂತೆ ಹುಳಿ ಬರಿಸಿ ಕಾಪಿಡುವ ಹಸಿ ಮೇವು) ಮಾಡುವುದಾದರೆ, ಕೊಯ್ದ ಹುಲ್ಲನ್ನು ಅರ್ಧ ದಿನ ಬಾಡಿಸಿ, ಒಂದಿಂಚು ಕತ್ತರಿಸಿ, ಸ್ವಲ್ಪ ಬೆಲ್ಲದ ನೀರು ಚಿಮುಕಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಳಿ ಇಲ್ಲದಂತೆ ತುಳಿದು ಮುಚ್ಚಿ. ಒಂದೂವರೆ ತಿಂಗಳಿಗೆ ತೆಗೆಯಬಹುದು.

ಮುಂದೆ ಏನು ಬರುತ್ತಿದೆ? ಉಪಗ್ರಹದಿಂದ ಹುಲ್ಲು ಅಳೆಯುವುದು, ಬೇಲಿಯಿಲ್ಲದೆ ಕೊರಳ ಪಟ್ಟಿಯಿಂದಲೇ ದನ ತಡೆಯುವುದು, ಇವೆಲ್ಲ ಸಾವಿರಾರು ಎಕರೆ ಇರುವ ದೇಶಗಳಿಗೆ. ಮರದ ನೆರಳಿನ ಎಂಟು ಸೆಂಟಿಗೆ ಅದರಿಂದ ಹೆಚ್ಚೇನೂ ಆಗದು. ನಾನು ಕಣ್ಣಿಟ್ಟಿರುವುದು ಬ್ರಾಕಿಯೇರಿಯಾ ಜಾತಿಯ ಹುಲ್ಲುಗಳ ಮೇಲೆ. ಕಾಂಗೋ ಸಿಗ್ನಲ್ ಕೂಡ ಇದೇ ಬಳಗದ್ದು. ಇದರಲ್ಲಿ ಒಂದು ಜಾತಿಯ ಬೇರಿನಿಂದ ಬ್ರಾಕಿಯಾಲ್ಯಾಕ್ಟೋನ್ ಅನ್ನುವ ವಸ್ತು ಒಸರುತ್ತದೆ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಮಣ್ಣಿನ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ ಅಂತ 2009ರಲ್ಲಿ ಕಂಡುಹಿಡಿದರು. ಮಳೆಗೆ ತೊಳೆದು ಹೋಗುವುದು ಮುಖ್ಯವಾಗಿ ನೈಟ್ರೇಟೇ. ಅಂದರೆ ಹಾಕಿದ ಸಾರಜನಕ ಮಣ್ಣಿನಲ್ಲೇ ಜಾಸ್ತಿ ದಿನ ಇರುತ್ತದೆ. ಕೊಡಗಿನ ಮಳೆಗೆ ಇದಕ್ಕಿಂತ ಬೇಕಾದ ಗುಣ ಇನ್ನೊಂದಿದೆಯಾ? ಅಂಥ ತಳಿಗಳು ಕೈಗೆ ಬರುವವರೆಗೆ, ಯೂರಿಯಾ ಮತ್ತು ಸಗಣಿ ಸ್ಲರಿಯನ್ನು ಜುಲೈ ಜಡಿಮಳೆಯಲ್ಲಿ ಹಾಕದೆ, ಮಳೆ ಬಿಡುವು ಕೊಟ್ಟಾಗ ಕೊಯ್ಲಾದ ಮೇಲೆ ಸ್ವಲ್ಪ ಸ್ವಲ್ಪ ಕೊಡಿ. ಒಂದು ಎಚ್ಚರ: ಬ್ರಾಕಿಯೇರಿಯಾದಲ್ಲಿ ಡೆಕಂಬೆನ್ಸ್ ಅನ್ನುವ ಜಾತಿ ಕುರಿ ಆಡುಗಳಿಗೆ ಬಿಸಿಲಿನಲ್ಲಿ ಚರ್ಮ ಸುಡುವ ತೊಂದರೆ ಕೊಡಬಹುದು, ಯಾವ ಜಾತಿ ಅಂತ ಕೇಳಿಯೇ ತನ್ನಿ.

ಇನ್ನೊಂದು. ಹೈಬ್ರಿಡ್ ನೇಪಿಯರ್ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಹಬ್ಬಿಸಬೇಕು, ಹಾಗಾಗಿ ಒಂದೇ ತಳಿ ನೆಟ್ಟ ಜಾಗ ಅಂದರೆ ಇಡೀ ಜಾಗ ಒಂದೇ ಗಿಡ ಇದ್ದಂತೆ. ಪೂರ್ವ ಆಫ್ರಿಕಾದಲ್ಲಿ ನೇಪಿಯರ್ ಕುಳ್ಳಾಗಿ ಹಳದಿಯಾಗುವ ರೋಗ ಬಂದು ಅಲ್ಲಿನ ಸಣ್ಣ ಹೈನುಗಾರರು ಮೇವಿಗೆ ಪರದಾಡಿದ್ದಾರೆ, ರೋಗದ ಕಡ್ಡಿ ನೆಟ್ಟರೆ ರೋಗವೂ ಜೊತೆಗೇ ಬರುತ್ತದೆ. ಅದಕ್ಕೇ ಎರಡು ಮೂರು ಜಾತಿ ಹುಲ್ಲು ಇಟ್ಟುಕೊಳ್ಳಿ, ಪಕ್ಕದ ಮನೆಯಿಂದ ಪುಕ್ಕಟೆ ಕಡ್ಡಿ ತರುವಾಗಲೂ ಕುಳ್ಳಾದ, ಎಲೆ ಹಳದಿಯಾದ ಬುಡದಿಂದ ತರಬೇಡಿ.