ಕಬ್ಬಿನ ಯಾರ್ಡಿನ ಪಾಳಿ: ಸಿಮ್ಯುಲೇಷನ್ ತೋರಿಸಿದ ಲೆಕ್ಕ

ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಗಾಡಿಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಈ ಮಾಡೆಲ್ ಕಟ್ಟಿದ್ದು ಪೈಥಾನ್‌ನ ಸಿಮ್‌ಪೈ ಲೈಬ್ರರಿಯಲ್ಲಿ. ಪ್ರಶ್ನೆ ಒಂದೇ: ಎರಡನೇ ಕಾಟಾ (ಗಾಡಿ ತೂಗುವ ಯಂತ್ರ) ಹಾಕಿದರೆ ಟ್ರ್ಯಾಕ್ಟರ್ ಪಾಳಿ ಕರಗುತ್ತದೆಯೇ?

ಮೊದಲು ಕೈಲೆಕ್ಕ. ದಿನಕ್ಕೆ 5,000 ಟನ್ ನುರಿಸುವ ಮಿಲ್ ಅಂದರೆ ತಾಸಿಗೆ 208 ಟನ್. ಎರಡು ಟ್ರೇಲರ್ ಸೇರಿ 18 ಟನ್ ಹಿಡಿದರೆ ತಾಸಿಗೆ 11.6 ಗಾಡಿ. ಸರಾಸರಿ 150 ಗಾಡಿ ನಿಂತಿದ್ದರೆ ಒಂದೊಂದೂ ಸುಮಾರು 13 ತಾಸು ಕಾಯುತ್ತದೆ. ನಿಂತ ಗಾಡಿಗಳನ್ನು ತಾಸಿಗೆ ಸಾಗುವ ಗಾಡಿಗಳಿಂದ ಭಾಗಿಸಿದರೆ ಕಾಯುವ ಹೊತ್ತು: ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮ ಇದು. ಮಾಡೆಲ್ ಬೇರೆ ಉತ್ತರ ಕೊಟ್ಟರೆ ತಪ್ಪು ಮಾಡೆಲ್ಲಿನದೇ.

ತೂಕಕ್ಕೆ ಹಿಡಿಯುವ ಹೊತ್ತನ್ನು ರಜಿಸ್ಟರ್‌ನಿಂದ ತೆಗೆದುಕೊಳ್ಳಬಾರದು. ಗೇಟ್ ಎಂಟ್ರಿಯಿಂದ ತೂಕದ ಚೀಟಿವರೆಗಿನ ಅಂತರದಲ್ಲಿ ಕಾದ ಹೊತ್ತೂ ಸೇರಿರುತ್ತದೆ, ಅದನ್ನೇ ಕೊಟ್ಟರೆ ಮಾಡೆಲ್ ಪಾಳಿಯ ಮೇಲೆ ಪಾಳಿ ಕಟ್ಟುತ್ತದೆ. ಸ್ಟಾಪ್‌ವಾಚ್ ಹಿಡಿದು ನೋಡಿದರೆ ತುಂಬಿದ ಗಾಡಿಗೆ 2 ನಿಮಿಷ, ಖಾಲಿ ಗಾಡಿಗೆ 1. ಖಾಲಿ ತೂಕವನ್ನು ಮಾಡೆಲ್ಲಿಗೆ ಹಾಕಲು ಮರೆಯುವುದು ಬಹಳ ಸುಲಭ. ಎರಡೂ ಸೇರಿದರೂ ಕಾಟಾಕ್ಕೆ ತಾಸಿಗೆ 35 ನಿಮಿಷದ ಕೆಲಸ ಮಾತ್ರ, ಅಂದರೆ ಗಾಡಿ ತಡೆಯುವುದು ಕಾಟಾ ಅಲ್ಲ, ಮಿಲ್ಲಿನ ವೇಗ. ಎರಡನೇ ಕಾಟಾ ಪಾಳಿಯನ್ನು ರಸ್ತೆಯಿಂದ ಯಾರ್ಡಿನೊಳಕ್ಕೆ ತಳ್ಳುತ್ತದೆ, ಅಷ್ಟೇ. (ರೈತನಿಗೆ ಅದೂ ಲಾಭವೇ: ತೂಕಕ್ಕೆ ಮುಂಚೆ ಒಣಗಿದರೆ ನಷ್ಟ ಅವನದು, ಆಮೇಲೆ ಒಣಗಿದರೆ ಕಾರ್ಖಾನೆಯ ಇಳುವರಿಗೆ ಪೆಟ್ಟು.)

ಹಾಗಾದರೆ ಆ 150 ಗಾಡಿ ಎಲ್ಲಿಂದ ಬಂತು? ಕಟಾವು ಹಗಲಿನ ಕೆಲಸ, ಮಿಲ್ ಓಡುವುದು ದಿನವಿಡೀ. ದಿನದ 280 ಗಾಡಿಗಳಲ್ಲಿ ನೂರಕ್ಕೆ 70 ಭಾಗ ಮಧ್ಯಾಹ್ನ 3ರಿಂದ ರಾತ್ರಿ 1ರೊಳಗೆ ಬಂದರೆ, ರಾತ್ರಿ 1ಕ್ಕೆ ಸುಮಾರು 80 ಗಾಡಿ ದಾಸ್ತಾನು ಬೇಕೇ ಬೇಕು. ಇಲ್ಲದಿದ್ದರೆ ಬೆಳಗಿನ ಹೊತ್ತು ಮಿಲ್ ಕಬ್ಬಿಲ್ಲದೆ ನಿಲ್ಲುತ್ತದೆ. ದಿನದ ಸರಾಸರಿಯಲ್ಲಿ ಅದು 40. ಉಳಿದ 110 ಹಳೆಯ ಬಾಕಿ. ಮಿಲ್ 6 ತಾಸು ಕೆಟ್ಟು ನಿಂತರೆ 70 ಗಾಡಿ ಹೆಚ್ಚುವರಿ ಬೀಳುತ್ತವೆ. ಮಾರನೆಯ ದಿನವೂ ಮಿಲ್ ನುರಿಸುವಷ್ಟೇ ಕಟಾವು ಚೀಟಿ (ಕಬ್ಬು ಕಡಿದು ತರಲು ಕಾರ್ಖಾನೆ ಕೊಡುವ ಅನುಮತಿ) ಕೊಟ್ಟರೆ ಅವು ಕರಗುವುದೇ ಇಲ್ಲ.

ಮಾಡೆಲ್ ಮೊದಲು ಕೆಟ್ಟದ್ದೂ ಇಲ್ಲಿಯೇ. ಬರುವ ಗಾಡಿಯನ್ನೂ ಮಿಲ್ಲಿನ ಸಾಮರ್ಥ್ಯವನ್ನೂ ಸಮ ಇಟ್ಟರೆ ಓಟ ಉದ್ದವಾದಷ್ಟೂ ಪಾಳಿ ಬೆಳೆಯುತ್ತದೆ, ಸ್ಥಿರ ಸರಾಸರಿ ಎಂಬುದೇ ಸಿಗುವುದಿಲ್ಲ. ಚೀಟಿ ಕೊಡುವ ಟೇಬಲ್ಲನ್ನೂ ಮಾಡೆಲ್ಲಿನೊಳಗೆ ಕೂರಿಸಬೇಕು: ಯಾರ್ಡಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚಿದ್ದರೆ ನಾಳೆಯ ಚೀಟಿ ಕಡಿಮೆ.

ಆದರೆ ಹೆಚ್ಚಾದದ್ದನ್ನೆಲ್ಲ ಒಂದೇ ದಿನ ಕಡಿತ ಮಾಡಿದರೆ ಯಾರ್ಡ್ ತೂಗಾಡುತ್ತದೆ. ಇವತ್ತಿನ ಚೀಟಿಯ ಕಬ್ಬು ಒಂದು ದಿನ ತಡವಾಗಿ ಬರುವುದರಿಂದ ಅದೇ ಬಾಕಿಯನ್ನು ಎರಡು ಸಲ ಕಳೆದಂತಾಗಿ, ಸುಮಾರು 6 ದಿನಕ್ಕೊಮ್ಮೆ ಒಮ್ಮೆ ಬರಿದು, ಒಮ್ಮೆ ತುಂಬು. ಹೆಚ್ಚಳದ ಕಾಲು ಭಾಗ ಮಾತ್ರ ಕಡಿತ ಮಾಡಿದರೆ ತೂಗಾಟವಿಲ್ಲದೆ ಇಳಿಯುತ್ತದೆ. 100 ದಿನದ ಓಟ, ಮೊದಲ 10 ದಿನದ ಅಂಕಿ ಬಿಡುವುದು, ಬೇರೆ ಬೇರೆ ಸೀಡ್ (ಆಕಸ್ಮಿಕ ಅಂಕಿಗಳನ್ನು ಶುರು ಮಾಡುವ ಸಂಖ್ಯೆ) ಹಾಕಿ 30 ಸಲ. ಒಂದೇ ಓಟ ನೋಡಿ ತೀರ್ಮಾನಕ್ಕೆ ಬರಬಾರದು.

ಗಾಡಿ ಎಣಿಸುವುದು ಮಧ್ಯಾಹ್ನ 3ಕ್ಕೆ, ಯಾರ್ಡ್ ಅತಿ ಕಡಿಮೆ ಇರುವಾಗ. ಆಗ 30 ಇದ್ದರೆ ಎರಡೂವರೆ ತಾಸಿನ ಆಸರೆ ಇದೆ ಎಂದರ್ಥ. ರಾತ್ರಿ 1ಕ್ಕೆ ಎಣಿಸಿದರೆ ಬೇಕಾದ 80 ಗಾಡಿಯೂ ಹೆಚ್ಚುವರಿಯಂತೆ ಕಂಡು, ಚೀಟಿ ಕಡಿತವಾಗಿ, ಮರುದಿನ ಮಿಲ್ ಉಪವಾಸ ಬೀಳುತ್ತದೆ.