ಫೈಟರ್ ಪೈಲಟ್ ಆಗಬೇಕೆ? ಮೊದಲು ಅಳತೆ ಟೇಪು ಹಿಡಿಯಿರಿ

ಯುದ್ಧವಿಮಾನದ ಹುಚ್ಚು ಹತ್ತಿದ ಮಕ್ಕಳಿರುವ ಮನೆಗಳಲ್ಲಿ ಕೆಲಸ ಸಾಮಾನ್ಯವಾಗಿ ತಲೆಕೆಳಗಾಗಿ ಶುರುವಾಗುತ್ತದೆ. ಮೊದಲು ಕೋಚಿಂಗಿಗೆ ದುಡ್ಡು ಕಟ್ಟುತ್ತಾರೆ. ವರ್ಷಗಟ್ಟಲೆ ಓದಿ ಲಿಖಿತ ಪರೀಕ್ಷೆ ಪಾಸು ಮಾಡುತ್ತಾರೆ, ಐದು ದಿನದ ಸಂದರ್ಶನವನ್ನೂ ದಾಟುತ್ತಾರೆ. ಕೊನೆಯಲ್ಲಿ ವೈದ್ಯರು ತೊಡೆಯ ಉದ್ದ ಅಳೆದು ‘ಆಗುವುದಿಲ್ಲ’ ಎನ್ನುತ್ತಾರೆ. ಮನೆಯಲ್ಲೇ ಹತ್ತು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿ ಅದು. ಆದ್ದರಿಂದ ಇಲ್ಲಿ ಹೇಳುವ ಕ್ರಮ ಉಲ್ಟಾ: ಮೊದಲು ಮೈ, ಆಮೇಲೆ ಕಣ್ಣು, ಪುಸ್ತಕ ಅದಕ್ಕೂ ಆಮೇಲೆ.

ಗೋಡೆ, ಸ್ಟೂಲು, ಟೇಪು

ವಾಯುಪಡೆಯ ಹಾರಾಟ ಶಾಖೆಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಇದು ಬಹುತೇಕರಿಗೆ ಗೊತ್ತು. ಗೊತ್ತಿಲ್ಲದಿರುವುದು ಇನ್ನು ಮೂರು ಅಳತೆಗಳು. ಗಟ್ಟಿಯಾದ ಮರದ ಸ್ಟೂಲನ್ನು ಗೋಡೆಗೆ ತಾಗಿಸಿಡಿ. ಸೊಂಟ, ಬೆನ್ನು, ತಲೆಯ ಹಿಂಭಾಗ ಮೂರೂ ಗೋಡೆಗೆ ಅಂಟುವಂತೆ ಕೂತುಕೊಳ್ಳಿ. ಸ್ಟೂಲಿನ ಮೇಲ್ಮೈಯಿಂದ ನೆತ್ತಿಯವರೆಗಿನದು ಕೂತ ಎತ್ತರ, ಅದು 81.5ರಿಂದ 96 ಸೆಂ.ಮೀ. ಒಳಗಿರಬೇಕು. ಹಾಗೇ ಕೂತು ಮಂಡಿಯನ್ನು ನೇರಕೋನಕ್ಕೆ ಮಡಚಿ, ಗೋಡೆಯಿಂದ ಮಂಡಿಯ ಮುಂತುದಿಯವರೆಗೆ ಅಳೆದರೆ ಸಿಗುವುದು ತೊಡೆಯ ಉದ್ದ, 64 ಸೆಂ.ಮೀ. ಮೀರಬಾರದು. ಕಾಲನ್ನು ಮುಂದಕ್ಕೆ ನೇರ ಚಾಚಿ ಗೋಡೆಯಿಂದ ಅಂಗಾಲಿನವರೆಗೆ ಅಳೆದರೆ ಕಾಲಿನ ಉದ್ದ. 99ರಿಂದ 120 ಸೆಂ.ಮೀ.

ಇಲ್ಲಿ ಆಗುವ ತಪ್ಪು ಎಂದರೆ ಸೋಫಾದ ಮೇಲೆ ಕೂತು ಅಳೆಯುವುದು. ಮೆತ್ತೆ ಕುಸಿದು ಎರಡು ಮೂರು ಸೆಂ.ಮೀ. ಕಳೆದುಹೋಗುತ್ತದೆ. ಸೊಂಟ ಗೋಡೆ ಬಿಟ್ಟರೆ ತೊಡೆ ಉದ್ದವಾಗಿ ಕಾಣುತ್ತದೆ. ಬೇರೆಯವರಿಂದ ಮೂರು ಸಲ ಅಳೆಯಿಸಿ, ಮೂರೂ ಒಂದೇ ಬಂದರೆ ನಂಬಿ.

ಇಷ್ಟು ಬಿಗಿ ಯಾಕೆ? ಕಾಕ್‌ಪಿಟ್ಟು ಅಳತೆಗೆ ಸರಿಯಾಗಿ ಮಾಡಿದ ಪೆಟ್ಟಿಗೆ. ಕೂತ ಎತ್ತರ ಹೆಚ್ಚಾದರೆ ಹೆಲ್ಮೆಟ್ ಮೇಲಿನ ಗಾಜಿಗೆ ತಾಗುತ್ತದೆ, ಕಡಿಮೆಯಾದರೆ ಮೂತಿಯ ಆಚೆ ರನ್‌ವೇ ಕಾಣುವುದಿಲ್ಲ. ಕಾಲು ಗಿಡ್ಡವಾದರೆ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಪೂರ್ತಿ ಒತ್ತಲಾಗದು. ತೊಡೆಯದು ಎಲ್ಲಕ್ಕಿಂತ ಗಂಭೀರ: ಅಪಾಯದ ಹೊತ್ತಿನಲ್ಲಿ ಇಜೆಕ್ಷನ್ ಸೀಟು ಪೈಲಟನ್ನು ಹೊತ್ತು ಮೇಲಕ್ಕೆ ಚಿಮ್ಮುವಾಗ, ಉದ್ದ ತೊಡೆಯವನ ಮಂಡಿ ಮುಂದಿನ ಡಯಲು ಫಲಕದ ಅಂಚಿಗೆ ಬಡಿದು ನುಚ್ಚಾಗುತ್ತದೆ.

ಕಣ್ಣಿನ ಲೆಕ್ಕ

ಅತಿ ಹೆಚ್ಚು ಕನಸುಗಳು ಮುರಿಯುವುದು ಇಲ್ಲಿ. ಒಂದು ಕಣ್ಣು ಕನ್ನಡಕವಿಲ್ಲದೆ 6/6, ಅಂದರೆ ಸಹಜ ದೃಷ್ಟಿ, ಇರಬೇಕು, ಇನ್ನೊಂದು ಅದಕ್ಕಿಂತ ತುಸು ಕಡಿಮೆ, 6/9ರವರೆಗೆ ಇರಬಹುದು, ಅದನ್ನೂ ಸರಿಪಡಿಸಿ 6/6ಕ್ಕೆ ತರಲು ಆಗಬೇಕು. ದೂರದ್ದು ಮಸುಕಾಗುವ ಸಮೀಪದೃಷ್ಟಿ, ಅಂದರೆ ಮೈನಸ್ ನಂಬರು, ಹಾರಾಟ ಶಾಖೆಗೆ ಚೂರೂ ಇರಬಾರದು. ಪ್ಲಸ್ ನಂಬರಿಗೆ 2.0ರವರೆಗೆ ರಿಯಾಯಿತಿ ಇದೆ.

ಅಂಗಡಿಯ ಕಂಪ್ಯೂಟರ್ ತಪಾಸಣೆ ಸಾಲದು. ಕಣ್ಣಿನ ವೈದ್ಯರ ಬಳಿ ಹೋಗಿ, ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿ. ಎಳೆಯ ಕಣ್ಣಿನ ಸ್ನಾಯು ತನ್ನ ದೋಷವನ್ನು ತಾನೇ ಮುಚ್ಚಿಡುವಷ್ಟು ಚುರುಕು. ಡ್ರಾಪ್ಸ್ ಹಾಕಿದರೆ ನಿಜ ನಂಬರು ಹೊರಬರುತ್ತದೆ. ಅದೇ ದಿನ ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರ ಪುಸ್ತಕವನ್ನೂ ನೋಡಿಸಿಕೊಳ್ಳಿ. ಬಣ್ಣಗುರುಡು ಇರುವ ಎಷ್ಟೋ ಹುಡುಗರಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ, ಮತ್ತು ಅದಕ್ಕೆ ಚಿಕಿತ್ಸೆ ಇಲ್ಲ.

ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ, ಲೇಸಿಕ್, ಮಾಡಿಸಿದರಾಯಿತು ಎನ್ನುವ ಮಾತು ಅರ್ಧ ನಿಜ. ಪಿಯುಸಿ ನಂತರ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಅದು ನಡೆಯುವುದೇ ಇಲ್ಲ. ಪದವಿ ನಂತರದ ದಾರಿಗಳಲ್ಲಿ ಷರತ್ತಿನ ಮೇಲೆ ಒಪ್ಪುತ್ತಾರೆ: ಶಸ್ತ್ರಚಿಕಿತ್ಸೆ 20 ವರ್ಷ ತುಂಬಿದ ಮೇಲೆ ಆಗಿರಬೇಕು, ಆಗಿ 12 ತಿಂಗಳು ಕಳೆದಿರಬೇಕು, ಉಳಿದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) 450 ಮೈಕ್ರಾನಿಗಿಂತ ತೆಳ್ಳಗಿರಬಾರದು. ಆದ್ದರಿಂದ ಹದಿನೇಳಕ್ಕೇ ಅವಸರ ಪಟ್ಟು ಲೇಸಿಕ್ ಮಾಡಿಸುವುದು ಎರಡೂ ಬಾಗಿಲು ಮುಚ್ಚಿಕೊಂಡಂತೆ. ಮಾಡಿಸಿದ ಆಸ್ಪತ್ರೆಯಿಂದ ಮೊದಲಿನ ನಂಬರು, ದಿನಾಂಕ, ಕಾರ್ನಿಯಾದ ದಪ್ಪ ಇರುವ ಕಾಗದ ಇಸಿದುಕೊಂಡು ಜೋಪಾನ ಮಾಡಿ.

ಮೂಗಿನ ತಡೆಗೋಡೆ ಹೆಚ್ಚು ಸೊಟ್ಟಗಿದ್ದರೆ ಇಎನ್‌ಟಿ ವೈದ್ಯರನ್ನು ಮೊದಲೇ ಕಾಣಿ. ವಿಮಾನ ವೇಗವಾಗಿ ಇಳಿಯುವಾಗ ಸೈನಸ್ ಮತ್ತು ಕಿವಿಯ ಒತ್ತಡ ಸಮವಾಗದಿದ್ದರೆ ತಲೆ ಸೀಳುವ ನೋವು ಬರುತ್ತದೆ. ಕಿವಿಯ ಗುಗ್ಗೆ, ಮೂಲವ್ಯಾಧಿ, ಹೆಚ್ಚಿದ ತೂಕ ಇವೆಲ್ಲ ಮೊದಲೇ ಸರಿಪಡಿಸಿಕೊಳ್ಳಬಹುದಾದವು. ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುತ್ತಾರೆ, ಡೊಂಕಿದ್ದರೆ ಕಷ್ಟ: ಇಜೆಕ್ಷನ್ ಸೀಟು ಸುಮಾರು 12ರಿಂದ 20 ಜಿ, ಅಂದರೆ ಗುರುತ್ವದ ಅಷ್ಟು ಪಟ್ಟು, ಬಲದಲ್ಲಿ ಬೆನ್ನನ್ನು ಒತ್ತುತ್ತದೆ. ಹಚ್ಚೆಯ ನಿಯಮವೂ ಕಟ್ಟುನಿಟ್ಟು. ಹಾಕಿಸುವ ಮೊದಲು ಅಧಿಸೂಚನೆ ಓದಿ. ಈ ಅಳತೆಗಳನ್ನೂ ಪ್ರತಿ ಅಧಿಸೂಚನೆ ಬಂದಾಗ ಮತ್ತೊಮ್ಮೆ ತಾಳೆ ನೋಡಿ.

ಯಾವ ಬಾಗಿಲು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಬಿಡಿ: ಅಗ್ನಿಪಥ ಯೋಜನೆಯ ‘ಅಗ್ನಿವೀರ್ ವಾಯು’ ಎನ್ನುವುದು ಪೈಲಟ್ ಹುದ್ದೆಯಲ್ಲ. ಪೈಲಟ್ ಆಗುವವರು ಅಧಿಕಾರಿಗಳಾಗಿಯೇ ಸೇರಬೇಕು. ‘ಫೈಟರ್’ ಎಂದು ಪ್ರತ್ಯೇಕ ಅರ್ಜಿಯೂ ಇಲ್ಲ. ಹಾರಾಟ ಶಾಖೆಗೆ ಅರ್ಜಿ. ಫೈಟರೋ, ಸಾರಿಗೆ ವಿಮಾನವೋ, ಹೆಲಿಕಾಪ್ಟರೋ ಎನ್ನುವುದು ತರಬೇತಿಯ ನಡುವೆ ತೀರ್ಮಾನವಾಗುತ್ತದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡವರಿಗೆ ಎನ್‌ಡಿಎ. ಕೋರ್ಸ್ ಶುರುವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಯುಪಿಎಸ್‌ಸಿ ವರ್ಷಕ್ಕೆರಡು ಸಲ ಪರೀಕ್ಷೆ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ. ಏಪ್ರಿಲಿನದು ಸಿಇಟಿಯ ಆಸುಪಾಸಿಗೇ ಬೀಳುವುದರಿಂದ, ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಸೆಪ್ಟೆಂಬರಿನ ಪರೀಕ್ಷೆ ಬರೆದುಬಿಡುವುದು ಜಾಣತನ. 2022ರಿಂದ ಹುಡುಗಿಯರಿಗೂ ಎನ್‌ಡಿಎ ತೆರೆದಿದೆ.

ಪದವೀಧರರಿಗೆ ಸಿಡಿಎಸ್ (ಸೇನಾಪಡೆಗಳ ಅಧಿಕಾರಿಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆ) ಮತ್ತು ಎಎಫ್‌ಕ್ಯಾಟ್ (ವಾಯುಪಡೆಯೇ ನಡೆಸುವ ಪ್ರವೇಶ ಪರೀಕ್ಷೆ). ಹಾರಾಟಕ್ಕೆ ವಯಸ್ಸು 20ರಿಂದ 24. ವಾಣಿಜ್ಯ ಪೈಲಟ್ ಲೈಸೆನ್ಸ್ ಇದ್ದರೆ 26. ಎಎಫ್‌ಕ್ಯಾಟ್‌ಗೆ ಪದವಿಯಲ್ಲಿ ಶೇ 60 ಅಂಕ ಬೇಕು, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಇದು 14 ವರ್ಷದ ಅಲ್ಪಾವಧಿ ಸೇವೆ, ಪಿಂಚಣಿ ಇಲ್ಲ ಎಂಬುದನ್ನು ಸೇರುವ ಮೊದಲೇ ಮನೆಯವರೊಂದಿಗೆ ಮಾತಾಡಿಕೊಳ್ಳಿ. ಎನ್‌ಸಿಸಿ ವಾಯುದಳದಲ್ಲಿದ್ದು ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ಲಿಖಿತ ಪರೀಕ್ಷೆಯೇ ಇಲ್ಲ, ನೇರ ಸಂದರ್ಶನ. ಕಡಿಮೆ ಜನ ಬಳಸುವ ಒಳ್ಳೆಯ ದಾರಿ ಇದು. ಮೈಕ್ರೋಲೈಟ್ ವಿಮಾನದಲ್ಲಿ ಕೂರುವ ಅವಕಾಶವೂ ಸಿಗಬಹುದು.

ಲಿಖಿತ ಪರೀಕ್ಷೆ

ಎನ್‌ಡಿಎಯಲ್ಲಿ ಗಣಿತ 300 ಅಂಕ, 120 ಪ್ರಶ್ನೆ, ಎರಡೂವರೆ ಗಂಟೆ. ಅಂದರೆ ಪ್ರಶ್ನೆಗೆ 75 ಸೆಕೆಂಡು. ಸಾಮಾನ್ಯ ಸಾಮರ್ಥ್ಯ ಪತ್ರಿಕೆ 600 ಅಂಕ, 150 ಪ್ರಶ್ನೆ, ಅದರಲ್ಲಿ ಇಂಗ್ಲಿಷಿಗೇ 200. ತಪ್ಪಿಗೆ ಮೂರನೇ ಒಂದು ಭಾಗ ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರು ಗಣಿತದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಪ್ರಥಮ ಪಿಯುಸಿಯಿಂದಲೇ ಬರೆದು ರೂಢಿಸಿಕೊಳ್ಳಬೇಕು. ನಮ್ಮ ಪಿಯು ವಿಜ್ಞಾನ ಪಠ್ಯ ಎನ್‌ಸಿಇಆರ್‌ಟಿಯದೇ, ಬೇರೆ ದಪ್ಪ ಪುಸ್ತಕ ಬೇಡ. ಬೇಕಾದದ್ದು ವೇಗ. ವಿಷಯ ಗೊತ್ತಿದ್ದೂ ಸೋಲುವವರು ಹೆಚ್ಚಾಗಿ ಮೊದಲ ಮೂವತ್ತು ಪ್ರಶ್ನೆಗೆ ಒಂದು ಗಂಟೆ ಸುರಿದವರು. ಎಎಫ್‌ಕ್ಯಾಟ್ 100 ಪ್ರಶ್ನೆ, 300 ಅಂಕ, ಎರಡು ಗಂಟೆ; ಗಣಿತ ಸುಲಭ, ಸಮಯ ಬಿಗಿ.

ಐದು ದಿನ, ಅದರಲ್ಲೊಂದು ಯಂತ್ರ

ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಮೊದಲ ದಿನವೇ ಜರಡಿ: ಒಂದು ಬುದ್ಧಿಮತ್ತೆ ಪರೀಕ್ಷೆ, ಆಮೇಲೆ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಚರ್ಚೆ. ಆ ಚರ್ಚೆ ಮೀನುಮಾರುಕಟ್ಟೆಯಾಗುವುದುಂಟು. ಕಿರುಚಿದವರು ಗೆಲ್ಲುವುದಿಲ್ಲ, ಬಾಯಿಬಿಡದವರೂ ಗೆಲ್ಲುವುದಿಲ್ಲ. ಎರಡು ಮೂರು ಸಲ ಸ್ಪಷ್ಟವಾಗಿ ಮಾತಾಡಿದರೆ ಸಾಕು. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು: 60 ಪದ, ಪದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ, 60 ಸನ್ನಿವೇಶಕ್ಕೆ 30 ನಿಮಿಷದಲ್ಲಿ ಉತ್ತರ. ಬಾಯಿಪಾಠದ ವಾಕ್ಯಗಳು ತಕ್ಷಣ ಗೊತ್ತಾಗುತ್ತವೆ. ಪುಟ್ಟ, ನೇರ ಇಂಗ್ಲಿಷ್ ವಾಕ್ಯವೇ ಲೇಸು. ಆಮೇಲೆ ಮೈದಾನ: ಹಲಗೆ, ಹಗ್ಗ, ಕೊಳವೆ ಹಿಡಿದು ತಂಡವಾಗಿ ಅಡೆತಡೆ ದಾಟುವುದು; ಒಬ್ಬರೇ ಮೂರು ನಿಮಿಷದಲ್ಲಿ ಹತ್ತು ಅಡೆತಡೆ.

ಸಂದರ್ಶನದಲ್ಲಿ ವಿಮಾನದ ಹುಚ್ಚು ಎರಡು ಅಲುಗಿನ ಕತ್ತಿ. ಟಾಪ್ ಸ್ಪೀಡುಗಳ ಪಟ್ಟಿ ಒಪ್ಪಿಸುವ ಅಭ್ಯರ್ಥಿ ‘ತೇಜಸ್‌ಗೆ ಹಿಂದಿನ ಅಡ್ಡಬಾಲ ಯಾಕಿಲ್ಲ?’ ಎಂದರೆ ತಬ್ಬಿಬ್ಬಾಗುತ್ತಾನೆ. ಅದು ಬಾಲವಿಲ್ಲದ ಡೆಲ್ಟಾ (ತ್ರಿಕೋನಾಕಾರದ) ರೆಕ್ಕೆಯ, ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ ವಿಮಾನ. ಕಂಪ್ಯೂಟರುಗಳು ಕ್ಷಣಕ್ಷಣವೂ ತಿದ್ದುತ್ತವೆ, ಆ ಅಸ್ಥಿರತೆಯಿಂದಲೇ ಅದು ಚುರುಕಾಗಿ ತಿರುಗುತ್ತದೆ. ಇಷ್ಟು ತಿಳಿದಿದ್ದರೆ ಹುಚ್ಚು ಜ್ಞಾನವಾಗಿದೆ ಎಂದರ್ಥ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ, ಯಲಹಂಕದ ಏರೋ ಇಂಡಿಯಾದಲ್ಲಿ ಒಂದು ದಿನ ಕಣ್ಣಿಟ್ಟು ನೋಡಿದರೆ ಇಂಥ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಊರಿನ ಬಗ್ಗೆಯೂ ಕೇಳುತ್ತಾರೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೀರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಎದುರಿಸಿದ ಅಜ್ಜಮಾಡ ದೇವಯ್ಯ ಯಾರೆಂದು ಕೊಡಗಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ ಮುಜುಗರವೇ.

ಇನ್ನು ಯಂತ್ರ. ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆ, ಅಭ್ಯರ್ಥಿಗಳ ಬಾಯಲ್ಲಿ ಸಿಪಿಎಸ್‌ಎಸ್. ಡಯಲುಗಳನ್ನು ಓದಿ ವಿಮಾನ ಯಾವ ಭಂಗಿಯಲ್ಲಿದೆ ಎಂದು ಹೇಳುವುದು ಒಂದು ಭಾಗ. ಪರದೆಯ ಮೇಲೆ ಓಡುವ ಗುರುತನ್ನು ಕೈಯ ಸ್ಟಿಕ್, ಕಾಲಿನ ಪೆಡಲ್ ಎರಡರಿಂದಲೂ ಹಿಡಿತದಲ್ಲಿಡುತ್ತಾ, ನಡುವೆ ಬರುವ ದೀಪ ಮತ್ತು ಸದ್ದಿಗೆ ಸ್ಪಂದಿಸುವುದು ಇನ್ನೊಂದು. ಜೀವಮಾನದಲ್ಲಿ ಒಂದೇ ಅವಕಾಶ. ಫೇಲಾದರೆ ಯಾವ ದಾರಿಯಿಂದಲೂ ಮತ್ತೆ ಹಾರಾಟ ಶಾಖೆಗೆ ಬರಲಾಗದು. ಹೆಚ್ಚಿನವರು ಎಡವುವುದು ಒಂದೇ ಕಡೆ: ಗುರುತು ಜಾರಿದೊಡನೆ ಸ್ಟಿಕ್ಕನ್ನು ಜಗ್ಗುತ್ತಾರೆ, ಅದು ಆ ಬದಿಗೆ ಹಾರುತ್ತದೆ, ಮತ್ತೆ ಈ ಬದಿಗೆ ಜಗ್ಗುತ್ತಾರೆ. ಸಣ್ಣದಾಗಿ ಒತ್ತಿ, ಕಾದು, ಮತ್ತೆ ಸಣ್ಣದಾಗಿ ಒತ್ತಬೇಕು. ಜಾಯ್‌ಸ್ಟಿಕ್ ಇರುವ ಸಿಮ್ಯುಲೇಟರ್ ಆಟದಿಂದ ಕೈ ಹದವಾಗುತ್ತದೆ, ಕಾಲಿನ ಅಭ್ಯಾಸ ಆಗುವುದಿಲ್ಲ. ಡಯಲುಗಳ ಪಾಠವನ್ನು ಮುಂಚೆಯೇ ಓದಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಜ್ವರದಲ್ಲಿ ಕೂರಬೇಡಿ, ಅಧಿಕಾರಿಗಳಿಗೆ ತಿಳಿಸಿ.

ವೈದ್ಯಕೀಯ ತಪಾಸಣೆ ನಡೆಯುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಮನೆಯಲ್ಲೇ ಟೇಪು ಹಿಡಿದಿದ್ದವರಿಗೆ ಇಲ್ಲಿ ಆಶ್ಚರ್ಯಗಳು ಕಡಿಮೆ.

ದುಂಡಿಗಲ್, ಆಮೇಲೆ ಬೀದರ್

ಎನ್‌ಡಿಎಯವರು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಓದಿ, ನಂತರ ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಗೆ ಹೋಗುತ್ತಾರೆ. ಪದವೀಧರರು ನೇರ ದುಂಡಿಗಲ್‌ಗೆ. ಅಕಾಡೆಮಿಯಲ್ಲಿ ಹಾರಾಟ ಶುರುವಾಗುವುದು ಪಿಲಾಟಸ್ ಪಿಸಿ-7ರಲ್ಲಿ. ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿಟಿ-40 ವಿಮಾನಕ್ಕೂ ಒಪ್ಪಂದವಾಗಿದೆ. ಈ ಹಂತದ ಅಂಕ, ಬೋಧಕರ ಅಭಿಪ್ರಾಯ, ನಿಮ್ಮ ಆಯ್ಕೆ ಮೂರನ್ನೂ ನೋಡಿ ದಾರಿ ಬೇರ್ಪಡಿಸುತ್ತಾರೆ. ಎರಡನೇ ಹಂತದ ಕೆಲಸವನ್ನು ಹಲವು ವರ್ಷ ಎಚ್‌ಎಎಲ್‌ನ ಕಿರಣ್ ಜೆಟ್ ಮಾಡಿದೆ.

ಫೈಟರ್ ಸಿಕ್ಕವರು ಬಂದಿಳಿಯುವುದು ಬೀದರಿಗೆ. 2008ರಿಂದ ಹಾಕ್ ತರಬೇತಿ ಜೆಟ್‌ಗಳ ತವರು ಅದು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಹಾಕ್ ಕಲಿತದ್ದು ಇಲ್ಲೇ. ಇಲ್ಲಿ ‘ಜಿ’ಯ ಪಾಠ ನಿಜವಾಗುತ್ತದೆ. 9 ಜಿ ತಿರುವಿನಲ್ಲಿ 70 ಕಿಲೋ ಮನುಷ್ಯ 630 ಕಿಲೋ ಭಾರ ಅನುಭವಿಸುತ್ತಾನೆ, ರಕ್ತ ಕಾಲಿಗೆ ಇಳಿಯುತ್ತದೆ, ಕಣ್ಣು ಕತ್ತಲಾಗುತ್ತದೆ. ಮೀನಖಂಡ, ತೊಡೆ, ಹೊಟ್ಟೆ ಬಿಗಿದು, ಉಸಿರು ಹಿಡಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಬದಲಾಯಿಸುವುದೇ ಮದ್ದು. ಬಸ್ಕಿ ಹೊಡೆದ ತೊಡೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೈನಸ್ ನಂಬರು ಬಂದವರಿಗೆ

ಹಾರಾಟ ಶಾಖೆ ತಪ್ಪಿದರೂ ವಾಯುಪಡೆಯ ತಾಂತ್ರಿಕ ಶಾಖೆಯಲ್ಲಿ ಕನ್ನಡಕಕ್ಕೆ ಸಾಕಷ್ಟು ರಿಯಾಯಿತಿ ಇದೆ. ಎಂಜಿನಿಯರಿಂಗ್ ಓದಿದವರು ಎಎಫ್‌ಕ್ಯಾಟ್‌ನಲ್ಲಿ ಅದನ್ನೂ ಆಯ್ಕೆಯಾಗಿ ತುಂಬಲಿ. ಹಾರಲೇಬೇಕು ಎನ್ನುವವರಿಗೆ ನಾಗರಿಕ ವಿಮಾನ: ವಾಣಿಜ್ಯ ಲೈಸೆನ್ಸಿಗೆ 18 ವರ್ಷ, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 200 ಗಂಟೆ ಹಾರಾಟ. ಫ್ಲೈಯಿಂಗ್ ಶಾಲೆಗೆ ಲಕ್ಷಗಟ್ಟಲೆ ಕಟ್ಟುವ ಮೊದಲು ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ. ಅದನ್ನು ಮಾಡುವ ಜಾಗಗಳಲ್ಲಿ ವಿಮಾನಪುರದ ಅದೇ ಸಂಸ್ಥೆಯೂ ಒಂದು, ಮತ್ತು ಆ ತಪಾಸಣೆಗೆ ಕನ್ನಡಕ ಹಾಕಿಕೊಂಡೇ ಹೋಗಬಹುದು.