ಆನ್‌ಲೈನ್ ಫುಟ್‌ಬಾಲ್ ಲೀಗಿನಲ್ಲಿ ಮಾಲೀಕರು ನಾಪತ್ತೆಯಾದಾಗ ಮಾಡಬೇಕಾದದ್ದು

ಗೋವೆಯ ವಾಸ್ಕೋದಲ್ಲಿ ನೆಲೆಸಿರುವ ಹನ್ನೆರಡು ಮಂದಿ ಕನ್ನಡಿಗರು ಸೇರಿ ನಡೆಸುತ್ತಿರುವ ನಮ್ಮ ಲೀಗಿನಲ್ಲಿ ಪ್ರತಿ ತಂಡವೂ ಉಳಿದ ತಂಡಗಳನ್ನು ಎರಡೆರಡು ಬಾರಿ ಎದುರಿಸುತ್ತದೆ. ತಲಾ 22 ಪಂದ್ಯ, ಒಟ್ಟು 132. ಪಂದ್ಯವನ್ನು ಸಾಫ್ಟ್‌ವೇರ್ ಆಡಿಸುತ್ತದೆ, ಆಡುವ ಹನ್ನೊಂದು ಮಂದಿಯನ್ನು ಮಾಲೀಕರು ಆರಿಸುತ್ತಾರೆ.

ಕಳೆದ ಸೀಸನ್ನಿನಲ್ಲಿ ಒಬ್ಬ ಮಾಲೀಕರು ಬಂದರಿನ ರಾತ್ರಿ ಪಾಳಿಗೆ ಸಿಕ್ಕಿ ಐದು ವಾರ ಇತ್ತ ಸುಳಿಯಲಿಲ್ಲ. ಅವರ ಪಟ್ಟಿಯಲ್ಲಿ ಮೊಣಕಾಲಿಗೆ ಪೆಟ್ಟಾಗಿದ್ದ ಗೋಲ್‌ಕೀಪರನ ಹೆಸರೇ ವಾರವಾರವೂ ಉಳಿಯಿತು. ಮೊದಲು ಅವರನ್ನು ಎದುರಿಸಿದವರು ಹೆಣಗಾಡಿ ಡ್ರಾ ಮಾಡಿಕೊಂಡಿದ್ದರೆ, ಆಮೇಲೆ ಎದುರಿಸಿದವರು ನಾಲ್ಕೈದು ಗೋಲುಗಳಿಂದ ಸುಲಭವಾಗಿ ಗೆದ್ದರು, ಮತ್ತು ಕೊನೆಗೆ ಪ್ರಶಸ್ತಿ ನಿರ್ಧಾರವಾದದ್ದೇ ಗೋಲು ವ್ಯತ್ಯಾಸದಿಂದ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ). ಎರಡನೆಯ ಸ್ಥಾನಕ್ಕಿಳಿದವರ ನೋವು ನ್ಯಾಯವಾದದ್ದು. ಆಗ ನಮ್ಮಲ್ಲಿ ಲಿಖಿತ ನಿಯಮವೇ ಇರಲಿಲ್ಲ.

ಆದ್ದರಿಂದ ಸೀಸನ್ ಆರಂಭಕ್ಕೆ ಮೊದಲೇ ಗೈರುಹಾಜರಿ ಎಂದರೇನೆಂದು ಬರೆದಿಡಿ. ಲಾಗಿನ್ ಆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಂಡದ ಪಟ್ಟಿ ಸಲ್ಲಿಸಿದ್ದನ್ನು ಹಿಡಿಯಿರಿ. ಒಂದು ಸಲ ತಪ್ಪಿದರೆ ಸಂದೇಶ, ಎರಡನೆಯ ಸಲಕ್ಕೆ ಫೋನ್, ಮೂರನೆಯ ಪಂದ್ಯಕ್ಕೆ ಹಂಗಾಮಿ ಉಸ್ತುವಾರಿ. ಚೌತಿಗೋ ಊರಿನ ಜಾತ್ರೆಗೋ ಹೋಗುವವರು ಮುಂಚಿತವಾಗಿ ತಿಳಿಸಿದ್ದರೆ ಅದನ್ನು ರಜೆಯೆಂದೇ ಗಣಿಸಬೇಕು.

ಉಸ್ತುವಾರಿಯ ಅಧಿಕಾರಕ್ಕೆ ಮಿತಿ ಹಾಕುವುದು ಎಲ್ಲಕ್ಕಿಂತ ಮುಖ್ಯ. ಅವರು ಹನ್ನೊಂದು ಮಂದಿಯನ್ನು ಆರಿಸಬಹುದು, ಗಾಯಾಳುಗಳನ್ನು ಬದಲಿಸಬಹುದು, ಮುಗಿಯುತ್ತಿರುವ ಒಪ್ಪಂದಗಳನ್ನು ನವೀಕರಿಸಬಹುದು. ಆದರೆ ಯಾವ ಆಟಗಾರನನ್ನೂ ಮಾರುವಂತಿಲ್ಲ, ಸಾಲವಾಗಿ ಕೊಡುವಂತಿಲ್ಲ. ಲೀಗಿನ ಹೊರಗಿನವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಆ ತಂಡದೊಡನೆ ಎರಡೂ ಪಂದ್ಯ ಮುಗಿಸಿರುವ, ಪ್ರಶಸ್ತಿಯ ಪೈಪೋಟಿಯಲ್ಲಿಲ್ಲದ ಮಾಲೀಕರನ್ನು ನೇಮಿಸಿ. ಲೀಗ್ ಬಿಡುವವರು ಕೊನೆಯ ಎರಡು ವಾರದಲ್ಲಿ ಮಾಡಿದ ಮಾರಾಟಗಳನ್ನು ಮೂವರ ಸಮಿತಿ ಪರಿಶೀಲಿಸಲಿ. ಕೊಂಡವರು ಆ ಸಮಿತಿಯಲ್ಲಿರಬಾರದು.

ನಿಜವಾದ ಮೈದಾನದ ಹಲವು ಲೀಗುಗಳಲ್ಲಿ, ಅರ್ಧ ಪಂದ್ಯಗಳಿಗೆ ಮೊದಲೇ ತಂಡ ಹಿಂದೆ ಸರಿದರೆ ಅದರ ಫಲಿತಾಂಶಗಳೆಲ್ಲ ರದ್ದಾಗುತ್ತವೆ. ಅರ್ಧ ದಾಟಿದ್ದರೆ ಉಳಿದ ಪಂದ್ಯಗಳನ್ನು ಎದುರಾಳಿಗಳಿಗೆ 3-0 ಎಂದು ಕೊಡುತ್ತಾರೆ. ನಮ್ಮಂಥ ಸಣ್ಣ ಲೀಗಿಗೆ ಇದು ಸರಿಹೊಂದದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೊದಲನೆಯದರಲ್ಲಿ ಕಷ್ಟಪಟ್ಟು ಗೆದ್ದವರ ಅಂಕ ಹೋಗುತ್ತದೆ, ಎರಡನೆಯದರಲ್ಲಿ ತಡವಾಗಿ ಎದುರಾಗುವವರಿಗೆ ಮೂರು ಗೋಲು ಪುಕ್ಕಟೆ ಸಿಗುತ್ತದೆ. ತಂಡವನ್ನು ಕಡೆಯವರೆಗೂ ಆಡಿಸುವುದೇ ಮೇಲು.

ಕೊನೆಯ ಸುತ್ತಿಗೆ ಇನ್ನೊಂದು ಎಚ್ಚರ ಬೇಕು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಕೊನೆಯ ಪಂದ್ಯವನ್ನು ಒಂದು ದಿನ ಮೊದಲೇ ಮುಗಿಸಿತ್ತು. ಮರುದಿನ ಸ್ಪೇನಿನ ಗಿಹಾನ್‌ನಲ್ಲಿ ಅದೇ ಗುಂಪಿನ ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿತು. ಯಾವ ಫಲಿತಾಂಶ ಸಾಕೆಂದು ಮೊದಲೇ ತಿಳಿದಿದ್ದ ಎರಡೂ ತಂಡಗಳು ಮುಂದಕ್ಕೆ ಹೋದವು, ಅಲ್ಜೀರಿಯಾ ಹೊರಬಿತ್ತು. 1986ರಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಲಾಗುತ್ತಿದೆ. ನಾವೂ ಕೊನೆಯ ಆರು ಪಂದ್ಯಗಳನ್ನು ಒಟ್ಟಿಗೇ ಆಡಿಸುತ್ತೇವೆ, ಅಲ್ಲಿಯವರೆಗೆ ಯಾರ ಪಟ್ಟಿಯನ್ನೂ ತೋರಿಸುವುದಿಲ್ಲ.

ಮರಳಿ ಬಂದ ಮಾಲೀಕರಿಗೆ ತಂಡವನ್ನು ಆ ವಾರವೇ ಒಪ್ಪಿಸಿ. ಟ್ರಾನ್ಸ್‌ಫರ್ ಹಕ್ಕನ್ನು, ಅಂದರೆ ಆಟಗಾರರನ್ನು ಕೊಳ್ಳುವ, ಮಾರುವ ಹಕ್ಕನ್ನು ಮಾತ್ರ ಸತತ ಮೂರು ಪಟ್ಟಿ ಸಲ್ಲಿಸಿದ ಮೇಲೆ ಕೊಡಿ.